ಬರದ ಹೆಸರು, ನೀರಿನ ತಿಳಿ

ಪಾಲಕೋಡು ಸೀಮೆಯ ಚರಿತ್ರೆಯನ್ನು ನೊಳಂಬರ ಶಾಸನಗಳಿಂದಲೋ 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದಲೋ ತೊಡಗುವುದು ವಾಡಿಕೆ. ಈ ನೆಲದ ಜನ ಯಾವುದಕ್ಕೆ ಅಂಜಿದರು, ಯಾವುದಕ್ಕೆ ಅಂಜಲಿಲ್ಲ ಎಂಬುದೂ ಚರಿತ್ರೆಯೇ ಸರಿ. ಅದನ್ನು ಇಲ್ಲಿ ಕೊಂಚ ಪರಿಶೀಲಿಸೋಣ.

1876-78ರ ಕ್ಷಾಮದಲ್ಲಿ ಅಂದಿನ ಸೇಲಂ ಜಿಲ್ಲೆ ಬಹುವಾಗಿ ನೊಂದಿತು. 1871ರ ಖಾನೇಷುಮಾರಿಯಲ್ಲಿ 19 ಲಕ್ಷಕ್ಕೆ ಮೇಲಿದ್ದ ಜನಸಂಖ್ಯೆ 1881ರಲ್ಲಿ 16 ಲಕ್ಷದ ಆಸುಪಾಸಿಗೆ ಇಳಿಯಿತು. ಸರಕಾರದ ಕಡತಕ್ಕೆ ಅದು ಇಸವಿ ಮತ್ತು ಅಂಕಿ. ಜನರ ಬಾಯಲ್ಲಿ ಧಾತು ಸಂವತ್ಸರದ ಬರ. ಈ ಭೇದ ಸಣ್ಣದಲ್ಲ. ಇಸವಿ ಕಳೆದರೆ ಕಳೆಯಿತು. ಸಂವತ್ಸರವಾದರೋ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಧಾತು 1936ರಲ್ಲಿ ಬಂದಿತು, 1996ರಲ್ಲಿ ಮತ್ತೆ ಬಂದಿತು. ಬರವನ್ನು ಹೀಗೆ ಮರಳಿ ಬರುವ ನೆಂಟನೆಂದು ಎಣಿಸಿದ್ದರಿಂದಲೇ ರಾಗಿ ಸೀಮೆಯ ರೈತ ಹಗೇವು ತೋಡಿ, ಕಾಳು ತುಂಬಿ, ಬಾಯಿ ಮುಚ್ಚಿದನೆಂದು ನಮಗೆ ತೋರುತ್ತದೆ. ರಾಗಿಯೂ ಬೇಗ ಹುಳು ಹತ್ತದ, ವರ್ಷಗಟ್ಟಲೆ ಕೆಡದ ಧಾನ್ಯ. ಇದೆಲ್ಲ ಮೌಢ್ಯವೆನ್ನುವ ವಿದ್ಯಾವಂತರ ಮಾತು ನಮಗೆ ಒಪ್ಪಿಗೆಯಿಲ್ಲ.

ಆದರೆ ಕಾಳಿನ ಭಯವನ್ನು ಬಲ್ಲ ಕಣ್ಣಿಗೆ ನೀರಿನ ಭಯ ಕಾಣಲಿಲ್ಲ. ನೀರಿನ ಶುದ್ಧಿಯೆಂದರೆ ನಮ್ಮಲ್ಲಿ ತಿಳಿ ಮತ್ತು ರುಚಿ. ಕದಡಿದ ಕೆರೆಯ ನೀರು ಕೆಟ್ಟದ್ದು, ಬಂಡೆ ಕೊರೆದು ತೆಗೆದ ತಿಳಿನೀರು ಒಳ್ಳೆಯದು. ಧರ್ಮಪುರಿ ಜಿಲ್ಲೆಯಲ್ಲಿ ಗಟ್ಟಿ ಶಿಲೆಯೊಳಗಿನ ಆ ನೀರಿನಲ್ಲೇ ಎಷ್ಟೋ ಕಡೆ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆಯೋ, ಊರಿಗೆ ಊರೇ ಹಾಗಿದ್ದರೆ ಅದು ರೋಗವೆನಿಸುವುದಿಲ್ಲ. ತರಗತಿಯಲ್ಲಿ ಆ ಹಲ್ಲುಗಳನ್ನು ದಿನವೂ ಕಾಣುವವರು ಉಪಾಧ್ಯಾಯರಾದ ನಾವೇ.

ಹಿಂದಿನ ಮದರಾಸು ಪ್ರಾಂತದ ನೆಲ್ಲೂರು ಕಡೆ ಈ ಬಾಧೆಯನ್ನು ಮೊದಲು ಗುರುತಿಸಿದವರು ರೈತರು, 1930ರ ದಶಕದ ಆರಂಭದಲ್ಲಿ. ಅದೂ ತಮ್ಮ ಮೈಯಲ್ಲಲ್ಲ, ಎತ್ತುಗಳ ಕಾಲಿನಲ್ಲಿ. ಎತ್ತು ನಡೆಯದಿದ್ದರೆ ಉಳುಮೆ ನಿಲ್ಲುತ್ತದೆ, ಆದ್ದರಿಂದ ಕಂಡಿತು. ಮನುಷ್ಯರಲ್ಲಿ ಅದನ್ನು ಕಂಡು ವೈದ್ಯರು ಪ್ರಕಟಿಸಿದ್ದು 1937ರಲ್ಲಿ.

ಹೊಗೇನಕಲ್ಲಿನಿಂದ ಕಾವೇರಿಯ ನೀರನ್ನು ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ತರುವ ಯೋಜನೆಗೆ 2008ರಲ್ಲಿ ಅಡಿಗಲ್ಲು ಬಿದ್ದಾಗ ಕರ್ನಾಟಕದಲ್ಲಿ ಪ್ರತಿಭಟನೆಗಳು ನಡೆದವು. ಅಲ್ಲಿಯವರಿಗೆ ಅದು ಹೊಳೆಯ ಪಾಲಿನ, ಗಡಿಯ ಪ್ರಶ್ನೆ. ಫ್ಲೋರೋಸಿಸ್ ನಿವಾರಣೆಯೆಂಬುದು ಯೋಜನೆಯ ಹೆಸರಿನಲ್ಲೇ ಇದ್ದರೂ ಆ ಗದ್ದಲದಲ್ಲಿ ಅದನ್ನು ಕೇಳಿಸಿಕೊಂಡವರು ಕಡಿಮೆ. ಗಡಿಯ ಎರಡೂ ಮಗ್ಗುಲಲ್ಲಿ ಕನ್ನಡ ಮಾತಾಡುವವರೇ ಇದ್ದರೂ ಒಬ್ಬರ ಅಂಜಿಕೆ ಮತ್ತೊಬ್ಬರಿಗೆ ತಿಳಿಯಲಿಲ್ಲ. ಯೋಜನೆ 2013ರಲ್ಲಿ ಉದ್ಘಾಟನೆಯಾಯಿತು.