ಕಿವಿಯನ್ನು ಅದರ ಪಾಡಿಗೆ ಬಿಟ್ಟ ತಳಿ

1873ರಲ್ಲಿ ಬ್ರಿಟನ್ನಿನ ಕುರಿನಾಯಿಗಳನ್ನು ಅಳೆಯಲು ಎರಡು ಅಳತೆಗೋಲುಗಳು ಹುಟ್ಟಿಕೊಂಡವು. ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ, ನಾಯಿಗಳ ತಳಿ ಮತ್ತು ಪ್ರದರ್ಶನಗಳನ್ನು ನೋಡಿಕೊಳ್ಳುವ ಕೆನಲ್ ಕ್ಲಬ್ ಸ್ಥಾಪನೆಯಾಯಿತು. ಅಕ್ಟೋಬರ್‌ನಲ್ಲಿ ವೇಲ್ಸ್‌ನ ಬಾಲಾ ಎಂಬ ಊರಿನಲ್ಲಿ ಕುರಿನಾಯಿಗಳ ಪಂದ್ಯ ನಡೆಯಿತು; ಸ್ಕಾಟ್‌ಲೆಂಡಿನ ಜೇಮ್ಸ್ ಥಾಮ್ಸನ್ ಅವರ ‘ಟ್ವೀಡ್’ ಗೆದ್ದಿತು. ಲಂಡನ್ನಿನವರು ನೋಡಿದ್ದು ನಾಯಿಯ ರೂಪ, ಬಾಲಾದವರು ನೋಡಿದ್ದು ಕೆಲಸ. ಕುರಿ ಕಾಯುವ ತಳಿಯಾದ ಬಾರ್ಡರ್ ಕೋಲಿಯ ಕಿವಿಯ ಚರಿತ್ರೆ ಈ ಎರಡರ ನಡುವಿನ ಜಗ್ಗಾಟದ ಚರಿತ್ರೆಯೇ ಆಗಿದೆ.

ರೂಪದ ದಾರಿ ಹಿಡಿದ ಕೋಲಿಗಳಿಗೆ ಏನಾಯಿತೆಂಬುದನ್ನು ಮೊದಲು ನೋಡಬೇಕು. ಸ್ಕಾಟ್‌ಲೆಂಡಿನ ಬಾಲ್ಮೋರಲ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿ ಮೆಚ್ಚಿ ಸಾಕಿದ ಮೇಲೆ ಕೋಲಿಗಳಿಗೆ ಪ್ರದರ್ಶನಗಳಲ್ಲಿ ಬೇಡಿಕೆ ಏರಿತು. ಮುಂದೆ ‘ಲ್ಯಾಸಿ’ ಸಿನಿಮಾಗಳಿಂದ ಜಗತ್ತಿಗೇ ಪರಿಚಯವಾದ ರಫ್ ಕೋಲಿ ಈ ದಾರಿಯದು. ಅದರ ಕಿವಿಯನ್ನು ಭಿನ್ನರಾಶಿಯಲ್ಲಿ ಅಳೆಯುತ್ತಾರೆ. ಬ್ರಿಟಿಷ್ ಮಾನದಂಡದ ಪ್ರಕಾರ ಕಿವಿಯ ಮೂರನೇ ಎರಡು ಭಾಗ ನೆಟ್ಟಗಿದ್ದು ಉಳಿದದ್ದು ಮುಂದಕ್ಕೆ ಬಾಗಬೇಕು. ಅಮೆರಿಕದ ಪ್ರಕಾರ ಮುಕ್ಕಾಲು ನೆಟ್ಟಗಿದ್ದು ಕಾಲು ಭಾಗ ಬಾಗಬೇಕು. ನಮ್ಮಲ್ಲಿ ಅಲ್ಸೇಷಿಯನ್ ಎಂದು ಕರೆಯುವ ಜರ್ಮನ್ ಷೆಫರ್ಡ್ ಮೂಲದಲ್ಲಿ ಕುರಿನಾಯಿಯೇ. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಅದರ ಸಂಘ ಕಟ್ಟಿದರು. ಅಲ್ಲಿ ನಿಮಿರಿದ ಕಿವಿಯೊಂದೇ ಸರಿ, ಜೋಲುಗಿವಿ ದೋಷ.

ಕೆಲಸದ ದಾರಿಯವರು ಕಿವಿಯ ಗೊಡವೆಗೆ ಹೋಗಲಿಲ್ಲ. 1893ರಲ್ಲಿ ನಾರ್ತಂಬರ್‌ಲೆಂಡ್‌ನ ಆಡಮ್ ಟೆಲ್ಫರ್ ಅವರಲ್ಲಿ ಹುಟ್ಟಿದ ‘ಓಲ್ಡ್ ಹೆಂಪ್’ ಇಂದಿನ ಬಾರ್ಡರ್ ಕೋಲಿಗಳ ಮೂಲಪುರುಷ. ತಂದೆ ರಾಯ್ ಸಲಿಗೆಯ ಸ್ವಭಾವದ್ದು, ತಾಯಿ ಮೆಗ್ ನಾಚಿಕೆಯದು, ಆದರೆ ಕುರಿಗಳನ್ನು ದಿಟ್ಟಿಸಿಯೇ ಹಿಡಿದು ನಿಲ್ಲಿಸುವಂಥದು. ಈ ಎರಡು ಗುಣಗಳ ಹದವಾದ ಕೂಟ ಹೆಂಪ್. ಕುರುಬರು ಅದಕ್ಕೆ ಮುಗಿಬಿದ್ದದ್ದು ಅದು ಸದ್ದಿಲ್ಲದೆ ಕುರಿ ತಿರುಗಿಸುವ ಬಗೆಗಾಗಿ. 1906ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕುರಿನಾಯಿ ಸಂಘ ಪಂದ್ಯಗಳನ್ನು ನಡೆಸಿತು, ವಂಶಾವಳಿಯನ್ನು ದಾಖಲಿಸಿತು. ‘ಬಾರ್ಡರ್ ಕೋಲಿ’ ಎಂಬ ಹೆಸರನ್ನು 1915ರಲ್ಲಿ ರೂಢಿಗೆ ತಂದವರು ಅದರ ಕಾರ್ಯದರ್ಶಿ ಜೇಮ್ಸ್ ರೀಡ್. ಹೆಸರೇನೋ ಬಂತು, ರೂಪದ ಕಟ್ಟಳೆ ಬರಲಿಲ್ಲ. ಹೀಗಾಗಿ ನಿಮಿರುಗಿವಿ, ಅರೆಬಾಗಿದ ಕಿವಿ, ಪಕ್ಕಕ್ಕೆ ವಾಲಿದ ಕಿವಿ, ಒಂದು ಎದ್ದು ಇನ್ನೊಂದು ಬಿದ್ದ ಜೋಡಿ, ಎಲ್ಲವೂ ಒಂದೇ ಸೂಲಿನ ಮರಿಗಳಲ್ಲೂ ಕಾಣಸಿಗುತ್ತವೆ.

1976ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಈ ತಳಿಯನ್ನು ಮಾನ್ಯ ಮಾಡಿದಾಗ ಕೊನೆಗೂ ರೂಪವನ್ನು ಬರೆದಿಡಬೇಕಾಯಿತು. ಬರೆದವರು ವಿವೇಕದಿಂದ ಬರೆದರು: ನೆಟ್ಟಗಿರಲಿ, ಅರೆ ನೆಟ್ಟಗಿರಲಿ, ಎರಡೂ ಒಪ್ಪಿಗೆ, ಆದರೆ ಕಿವಿ ಚುರುಕಾಗಿರಬೇಕು. 1995ರಲ್ಲಿ ಅಮೆರಿಕದ ಕೆನಲ್ ಕ್ಲಬ್ ಮಾನ್ಯತೆ ಕೊಡಲು ಹೊರಟಾಗ, ಪ್ರದರ್ಶನದ ಚಂದಕ್ಕೆ ಕೆಲಸ ಬಲಿಯಾಗುತ್ತದೆಂದು ಕುರಿ ಸಾಕುವವರು ಬಲವಾಗಿ ವಿರೋಧಿಸಿದರು. ಆದರೂ ಅಲ್ಲಿಯ ಮಾನದಂಡ ಕಿವಿಯ ವಿಷಯದಲ್ಲಿ ಇನ್ನೂ ಉದಾರ: ಪೂರ್ತಿ ನೆಟ್ಟಗಿದ್ದರೂ ಸರಿ, ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಎಷ್ಟು ನಿಂತರೂ ಸರಿ, ಎರಡು ಕಿವಿಗಳೂ ಒಂದೇ ತೆರನಾಗಿರಬೇಕೆಂಬ ಹಟವಿಲ್ಲ.

ಮಾತು ಉದಾರವಾದರೂ ರೂಢಿ ಹಾಗಿಲ್ಲ ಎಂಬುದೇ ನನ್ನ ಕಳವಳ. ಮರಿಗೆ ನಾಲ್ಕೈದು ತಿಂಗಳಾಗಿ ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುವಾಗ ಕಿವಿ ನಿತ್ಯ ವೇಷ ಬದಲಿಸುತ್ತದೆ: ಇವತ್ತು ಎರಡೂ ನೆಟ್ಟಗೆ, ನಾಳೆ ಒಂದು ಜೋಲು. ಪ್ರದರ್ಶನಕ್ಕೆಂದು ಸಾಕುವ ಕೆಲವರು ಆ ಹೊತ್ತಿಗೆ ಕಿವಿಯ ತುದಿ ಮಡಿಚಿ ಅಂಟು ಹಚ್ಚಿ, ಮೃದ್ವಸ್ಥಿ ಗಟ್ಟಿಯಾಗುವವರೆಗೆ ಹಾಗೆಯೇ ಇಡುತ್ತಾರೆ. ತೀರ್ಪುಗಾರರಿಗೆ ಬಾಗಿದ ತುದಿ ಮುದ್ದಾಗಿ ಕಾಣುತ್ತದೆಂಬ ನಂಬಿಕೆ. ಮಾನದಂಡ ಬೇಡದಿದ್ದ ಏಕರೂಪವನ್ನು ಅಂಟು ತಂದುಕೊಡುತ್ತದೆ. ಇದು ತಪ್ಪು. ಅಂಟಿಸಿದ ಕಿವಿ ಮುಂದಿನ ಪೀಳಿಗೆಗೆ ಹೋಗುವುದೂ ಇಲ್ಲ. ಹೋಗುವುದು ಮೊದಲಿದ್ದ ಕಿವಿಯೇ.

ವಿಜ್ಞಾನವೂ ಈ ಕಡೆ ಗಮನಹರಿಸಿದೆ. ಸಾಕುಪ್ರಾಣಿಗಳಲ್ಲಿ ಜೋಲುಗಿವಿ ಎಲ್ಲೆಲ್ಲೂ ಕಾಣುವುದನ್ನು ಡಾರ್ವಿನ್ 1859ರಲ್ಲೇ ಗುರುತಿಸಿ, ಅಪಾಯದ ಭಯ ಕಡಿಮೆಯಾಗಿ ಕಿವಿಯ ಸ್ನಾಯುಗಳ ಬಳಕೆ ತಗ್ಗಿದ್ದು ಕಾರಣವಿರಬಹುದೆಂದರು. 2010ರ ಹೊತ್ತಿಗೆ ಬಂದ ಜೀನೋಮ್ ಅಧ್ಯಯನಗಳು ಜೋಲುಗಿವಿ, ನಿಮಿರುಗಿವಿಗಳ ವ್ಯತ್ಯಾಸವನ್ನು ನಾಯಿಯ ಹತ್ತನೇ ಕ್ರೋಮೋಸೋಮಿನ ಒಂದು ತುಣುಕಿಗೆ ಜೋಡಿಸಿದವು. ದೇಹದ ಗಾತ್ರಕ್ಕೆ ಸಂಬಂಧಿಸಿದ ಒಂದು ಜೀನ್ ಅದರ ನೆರೆಯಲ್ಲೇ ಇದೆ. ಕಿವಿಯನ್ನಷ್ಟೇ ಆರಿಸುತ್ತೇವೆ ಎಂದುಕೊಂಡವರು ಪಕ್ಕದ್ದನ್ನೂ ಎಳೆದುಕೊಂಡು ಬರಬಹುದು.

ಕೆಲಸದಲ್ಲಿರುವ ಬಾರ್ಡರ್ ಕೋಲಿಯ ಕಿವಿಯನ್ನು ಹತ್ತಿರದಿಂದ ನೋಡಿದರೆ, ಕಿವಿ ಚುರುಕಾಗಿರಬೇಕೆಂಬ ಬ್ರಿಟಿಷ್ ಮಾನದಂಡದ ಮಾತು ಅರ್ಥವಾಗುತ್ತದೆ. ಹೊಟ್ಟೆ ನೆಲಕ್ಕೆ ತಾಗುವಂತೆ ಬಗ್ಗಿ ಕುರಿಗಳತ್ತ ತೆವಳುವಾಗ ಎರಡೂ ಕಿವಿಗಳು ತಲೆಗೆ ಅಂಟಿಕೊಂಡಿರುತ್ತವೆ. ದೂರದಿಂದ ಕುರುಬನ ಸೀಟಿ ಬರುತ್ತದೆ. ಕಣ್ಣು ಕುರಿಯ ಮೇಲಿಂದ ಕದಲುವುದಿಲ್ಲ. ಒಂದು ಕಿವಿ ಮಾತ್ರ ಹಿಂದಕ್ಕೆ ಹೊರಳಿ ಸೀಟಿಯತ್ತ ನಿಲ್ಲುತ್ತದೆ.