ಸಂಚಕಾರ, ಚುಕ್ತಾ ಮತ್ತು ಅನುದಿನದ ರೊಟ್ಟಿ

‘ಸಂಚಕಾರ’ ಎಂಬ ಮಾತನ್ನು ಇಂದು ಹೆಚ್ಚಾಗಿ ಕೇಡಿನ ಅರ್ಥದಲ್ಲೇ ಬಳಸುತ್ತಾರೆ. ಪ್ರಾಣಕ್ಕೆ ಸಂಚಕಾರ, ಕುರ್ಚಿಗೆ ಸಂಚಕಾರ ಎಂಬ ತಲೆಬರಹಗಳು ಪತ್ರಿಕೆ ಓದುವವರಿಗೆ ಹೊಸತಲ್ಲ. ಹೀಗಿರುವಾಗ ಕನ್ನಡ ಬೈಬಲನ್ನು ಮೊದಲ ಬಾರಿಗೆ ತೆರೆದವರು ಪೌಲನ ಪತ್ರಗಳಿಗೆ ಬಂದಾಗ ಒಂದು ಕ್ಷಣ ತಬ್ಬಿಬ್ಬಾಗುವುದು ಸಹಜ. ದೇವರು ತನ್ನ ಭಕ್ತರಿಗೆ ಪವಿತ್ರಾತ್ಮನನ್ನು ಸಂಚಕಾರವಾಗಿ ಕೊಟ್ಟಿದ್ದಾನೆ ಎಂದು ಅಲ್ಲಿ ಹೇಳಿದೆ. ಭಕ್ತರಿಗೆ ದೇವರು ತಂದಿಟ್ಟ ಆಪತ್ತು ಯಾವುದು?

ಆಪತ್ತೇನೂ ಇಲ್ಲ. ಸಂಚಕಾರವೆಂದರೆ ವ್ಯಾಪಾರ ಕುದುರಿದ ಗುರುತಿಗೆ ಮೊದಲೇ ಕೊಡುವ ಮುಂಗಡ ಹಣ. ಜಾತ್ರೆಯಲ್ಲಿ ಎತ್ತಿನ ಜೋಡಿಗೆ ಬೆಲೆ ಗೊತ್ತಾದ ಮೇಲೆ ಕೊಳ್ಳುವವನು ಮಾರುವವನ ಕೈಗೆ ಇಷ್ಟು ಹಣ ಇಟ್ಟರೆ ಮಾತು ನಿಂತಂತೆ. ಉಳಿದದ್ದು ಆಮೇಲೆ ಬರುತ್ತದೆ. ಪೌಲನ ಮೂಲ ಗ್ರೀಕ್ ಪದ ‘ಅರ್ರಬೋನ್’. ಅದೂ ಸಂತೆಯ ಮಾತೇ. ಮುಂದೆ ದೊರೆಯಲಿರುವ ಪೂರ್ಣ ಫಲಕ್ಕೆ ದೇವರು ಈಗಲೇ ಕೊಟ್ಟ ಮುಂಗಡ ಎಂಬುದು ಅವನ ಭಾವ. ಕನ್ನಡ ಅನುವಾದಕರು ಸರಿಯಾದ ಪದವನ್ನೇ ಆರಿಸಿದ್ದರು. ಆಮೇಲೆ ಬದಲಾದದ್ದು ಕನ್ನಡಿಗರ ಮಾತು.

ಧರ್ಮಗ್ರಂಥದ ಒಂದು ಪದಕ್ಕೆ ಇಂಥದ್ದೇ ಅರ್ಥ ಎಂದು ಹೇಳುವುದು ಹೇಗೆ? ಆ ಪದ ಯಾವ ಕಾಲದಲ್ಲಿ, ಯಾರ ಬಾಯಲ್ಲಿ, ಯಾವ ಸಂದರ್ಭದಲ್ಲಿ ಓಡಾಡುತ್ತಿತ್ತು ಎಂದು ನೋಡಬೇಕು ಎಂಬುದು ಇಂದು ಸಾಮಾನ್ಯವಾಗಿ ಒಪ್ಪಿತವಾದ ಉತ್ತರ. ಆದರೆ ಕ್ರೈಸ್ತ ಧರ್ಮಗ್ರಂಥದ ವಿಷಯದಲ್ಲಿ ಈ ಉತ್ತರ ಗಟ್ಟಿಯಾದದ್ದು ಕೇವಲ ನೂರಮೂವತ್ತು ವರ್ಷಗಳ ಹಿಂದೆ. ಅದಕ್ಕೆ ಆಧಾರ ದೊರೆತದ್ದು ಈಜಿಪ್ಟಿನ ಕಸದ ಗುಡ್ಡೆಗಳಲ್ಲಿ.

ದೇವಭಾಷೆಯ ಕಲ್ಪನೆ

ಹೊಸ ಒಡಂಬಡಿಕೆಯ ಪುಸ್ತಕಗಳು ಹೆಚ್ಚಾಗಿ ಕ್ರಿ.ಶ. ಒಂದನೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದವು. ಯೂರೋಪಿನ ವಿದ್ವಾಂಸರು ಕಲಿತು ಬಂದ ಗ್ರೀಕ್ ಭಾಷೆಯಾದರೋ ಅದಕ್ಕೂ ನಾಲ್ಕೈದು ಶತಮಾನ ಹಿಂದಿನ ಪ್ಲೇಟೋ, ಸೊಫೊಕ್ಲಿಸ್‌ ಮುಂತಾದವರದು. ಆ ಕಣ್ಣಿನಿಂದ ನೋಡಿದವರಿಗೆ ಸುವಾರ್ತೆಗಳ ಗ್ರೀಕ್ ವಿಚಿತ್ರವಾಗಿ ಕಂಡಿತು. ವ್ಯಾಕರಣ ಒರಟು, ಪದಗಳು ಅಪರಿಚಿತ. ಅಮೆರಿಕದ ಜೋಸೆಫ್ ಥೇಯರ್ 1886ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ, ಬೈಬಲಿನ ವಲಯದ ಹೊರಗೆ ಕಾಣದ ಪದಗಳೆಂದು 700ಕ್ಕೂ ಹೆಚ್ಚು ಪದಗಳನ್ನು ಪಟ್ಟಿ ಮಾಡಿದ್ದರು.

ಇದಕ್ಕೆ ಕೆಲವರು ಕೊಟ್ಟ ವಿವರಣೆ ಭಕ್ತಿಯಿಂದ ಕೂಡಿತ್ತು. ಜರ್ಮನಿಯ ದೇವತಾಶಾಸ್ತ್ರಜ್ಞ ರಿಚರ್ಡ್ ರೋಥೆ 1863ರಲ್ಲಿ ಇದನ್ನು ಪವಿತ್ರಾತ್ಮನ ಭಾಷೆ ಎಂದೇ ಕರೆದರು. ದೇವರು ತನ್ನ ಸಂದೇಶಕ್ಕಾಗಿ ಆ ನಾಡಿನ ನುಡಿಯನ್ನೇ ತಿದ್ದಿ ಹೊಸದೊಂದು ಭಾಷೆ ಮಾಡಿಕೊಂಡ ಎಂಬುದು ಇದರ ತಾತ್ಪರ್ಯ. ಕೇಳಲು ಚೆನ್ನಾಗಿದ್ದ ಈ ವಾದದಲ್ಲಿ ಒಂದು ತೊಡಕಿತ್ತು. ಬೇರಾರೂ ಆಡದ ಮಾತಿಗೆ ಅರ್ಥವನ್ನು ಬೇರೆಲ್ಲೂ ಹುಡುಕುವಂತಿಲ್ಲ. ಆಗ ವ್ಯಾಖ್ಯಾನಕಾರ ಹೇಳಿದ್ದೇ ಅರ್ಥವಾಗುತ್ತದೆ.

ಕಸದಲ್ಲಿ ಸಿಕ್ಕಿದ ನಿಘಂಟು

ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಈಜಿಪ್ಟಿನಿಂದ ಯೂರೋಪಿನ ವಸ್ತುಸಂಗ್ರಹಾಲಯಗಳಿಗೆ ಪಪೈರಸ್ ಹಾಳೆಗಳು ಬರತೊಡಗಿದವು. ಪಪೈರಸ್ ಎಂದರೆ ನೈಲ್ ನದಿಯ ಜೊಂಡಿನಿಂದ ತಯಾರಿಸುತ್ತಿದ್ದ ಬರೆಯುವ ಹಾಳೆ. ಮಳೆಯೇ ಇಲ್ಲದ ಮರಳಿನಲ್ಲಿ ಹೂತಿದ್ದರಿಂದ ಅವು ಎರಡು ಸಾವಿರ ವರ್ಷ ಕಳೆದರೂ ಉಳಿದಿದ್ದವು. ಜರ್ಮನಿಯ ತರುಣ ಪಾದ್ರಿ ಅಡಾಲ್ಫ್ ಡೈಸ್‌ಮನ್ ಬರ್ಲಿನ್ ಸಂಗ್ರಹದ ಪಪೈರಸ್‌ಗಳ ಮುದ್ರಿತ ಪಾಠವನ್ನು ಓದುತ್ತಿದ್ದಾಗ ಅದರ ಭಾಷೆಗೂ ಸುವಾರ್ತೆಗಳ ಭಾಷೆಗೂ ಇರುವ ಹೋಲಿಕೆ ಕಂಡು ಬೆರಗಾದರು. ಅವು ಪಂಡಿತರ ಬರಹಗಳಾಗಿರಲಿಲ್ಲ. ರೈತರು, ಸೈನಿಕರು, ವರ್ತಕರು ಬರೆದ ಅಥವಾ ಬರೆಸಿದ ಕಾಗದಗಳು. ಡೈಸ್‌ಮನ್ 1895ರಲ್ಲಿ ತಮ್ಮ ಮೊದಲ ಬೈಬಲ್ ಅಧ್ಯಯನ ಗ್ರಂಥವನ್ನೂ 1908ರಲ್ಲಿ ‘ಪೂರ್ವದಿಂದ ಬೆಳಕು’ ಎಂಬರ್ಥದ ಹೆಸರಿನ ಇನ್ನೊಂದು ಗ್ರಂಥವನ್ನೂ ಪ್ರಕಟಿಸಿದರು.

ಈ ನಡುವೆ ಆಕ್ಸ್‌ಫರ್ಡಿನ ಬರ್ನಾರ್ಡ್ ಗ್ರೆನ್‌ಫೆಲ್ ಮತ್ತು ಆರ್ಥರ್ ಹಂಟ್ 1896-97ರ ಚಳಿಗಾಲದಲ್ಲಿ ಕೈರೋದ ದಕ್ಷಿಣಕ್ಕಿರುವ ಆಕ್ಸಿರಿಂಕಸ್ ಎಂಬ ಹಾಳೂರಿನಲ್ಲಿ ಉತ್ಖನನ ಆರಂಭಿಸಿದರು. ಅವರು ಅಗೆದದ್ದು ದೇವಾಲಯವನ್ನಲ್ಲ, ಅರಮನೆಯನ್ನಲ್ಲ. ಊರಿನ ಜನ ಶತಮಾನಗಟ್ಟಲೆ ಕಸ ಸುರಿದಿದ್ದ ದಿಬ್ಬಗಳನ್ನು. ಅಲ್ಲಿಂದ ಹೊರಬಂದ ಪಪೈರಸ್ ತುಣುಕುಗಳ ಸಂಖ್ಯೆ ಸುಮಾರು 5 ಲಕ್ಷ. ಗೇಣಿ ಪತ್ರ, ಸಾಲ ಪತ್ರ, ತೆರಿಗೆ ರಸೀದಿ, ಮದುವೆಯ ಕರೆಯೋಲೆ ಎಲ್ಲವೂ ಅದರಲ್ಲಿದ್ದವು. ತನ್ನನ್ನು ಪೇಟೆಗೆ ಕರೆದೊಯ್ಯಲಿಲ್ಲವೆಂದು ತಂದೆಯ ಮೇಲೆ ಮುನಿದ ಹುಡುಗನ ಪತ್ರವೂ ಇತ್ತು.

‘ಅರ್ರಬೋನ್’ ಕೂಡ ಅಲ್ಲಿ ಸಿಕ್ಕಿತು. ಒಂದನೇ ಶತಮಾನದ ಒಂದು ಪತ್ರದಲ್ಲಿ ಲ್ಯಾಂಪೋನ್ ಎಂಬ ಇಲಿ ಹಿಡಿಯುವವನಿಗೆ 8 ದ್ರಾಖ್ಮ ಮುಂಗಡ ಕೊಟ್ಟ ಸಂಗತಿ ಇದೆ. ಮುಂಗಡಕ್ಕೆ ಬಳಸಿದ ಪದ, ಪೌಲ ಪವಿತ್ರಾತ್ಮನಿಗೆ ಬಳಸಿದ ಪದವೇ! ಇಂದಿನ ಗ್ರೀಕ್ ಭಾಷೆಯಲ್ಲಿ ಇದರಿಂದ ಬಂದ ಪದಕ್ಕೆ ಮದುವೆಯ ನಿಶ್ಚಿತಾರ್ಥ ಎಂಬ ಅರ್ಥವಿದೆ.

ಇನ್ನೊಂದು ಪದ ‘ಅಪೆಖೋ’. ದಾನ ಮಾಡುವಾಗ ಊರಿಗೆಲ್ಲ ಕೇಳುವಂತೆ ತುತ್ತೂರಿ ಊದಿಸುವವರನ್ನು ಯೇಸು ಪರ್ವತಪ್ರಸಂಗದಲ್ಲಿ ಖಂಡಿಸುತ್ತಾನೆ. ಅಂಥವರಿಗೆ ಅವರ ಫಲ ದೊರೆತಿದೆ ಎಂದು ಅವನು ಹೇಳುವಲ್ಲಿ ಈ ಪದ ಬರುತ್ತದೆ. ಓದಿದರೆ ಮಾತು ಅಷ್ಟೇನೂ ಖಾರವೆನಿಸದು. ಆದರೆ ಪಪೈರಸ್‌ಗಳಲ್ಲೂ ಮಡಕೆ ಚೂರುಗಳ ಮೇಲೆ ಬರೆದ ತೆರಿಗೆ ರಸೀದಿಗಳಲ್ಲೂ ‘ಅಪೆಖೋ’ ಎಂಬುದು ಹಣ ಪೂರ್ತಿ ಸಂದಿದೆ ಎಂದು ಬರೆದುಕೊಡುವ ಪದವೆಂದು ಡೈಸ್‌ಮನ್ ತೋರಿಸಿದರು. ಕನ್ನಡದ ಅಂಗಡಿ ಲೆಕ್ಕದ ಮಾತಿನಲ್ಲಿ ಹೇಳುವುದಾದರೆ ‘ಚುಕ್ತಾ’. ಜನರ ಹೊಗಳಿಕೆಗಾಗಿ ದಾನ ಮಾಡಿದಿರಿ, ಹೊಗಳಿಕೆ ಬಂತು, ಲೆಕ್ಕ ಮುಗಿಯಿತು, ದೇವರ ಬಳಿ ಕೇಳಲು ಬಾಕಿ ಏನೂ ಉಳಿದಿಲ್ಲ. ಸಂದರ್ಭ ತಿಳಿದೊಡನೆ ಸಪ್ಪೆಯಾಗಿದ್ದ ಮಾತು ಚಾಟಿಯಾಗುತ್ತದೆ.

ಹೀಗೆಯೇ, ಜೆರುಸಲೇಮಿನ ಬಡವರಿಗಾಗಿ ಎತ್ತುವ ವಂತಿಗೆಗೆ ಪೌಲ ಬಳಸಿದ ‘ಲೊಗೇಯ’ ಪದವೂ ಈಜಿಪ್ಟಿನ ದಾಖಲೆಗಳಲ್ಲಿ ಹಲವು ಕಡೆ ಕಾಣಿಸಿತು. ಅದು ಪೌಲ ಸೃಷ್ಟಿಸಿದ್ದಲ್ಲ, ಊರಿನವರಿಗೆಲ್ಲ ಗೊತ್ತಿದ್ದದ್ದು. ಹೊಸ ಒಡಂಬಡಿಕೆಯ ಸುಮಾರು 5000 ಪದಗಳಲ್ಲಿ ಕ್ರೈಸ್ತರು ಅಥವಾ ಯೆಹೂದ್ಯರು ಹೊಸದಾಗಿ ಕಟ್ಟಿದವು ಸುಮಾರು 50 ಮಾತ್ರ ಎಂದು ಡೈಸ್‌ಮನ್ ಲೆಕ್ಕ ಹಾಕಿದರು. ದೇವಭಾಷೆ ಎಂದುಕೊಂಡದ್ದು ಬೀದಿಯ ಭಾಷೆಯಾಗಿತ್ತು. ಇದರಿಂದ ಗ್ರಂಥದ ಗೌರವ ಕುಂದಿತೆಂದು ಕೆಲವರು ನೊಂದುಕೊಂಡರೂ, ಅದು ಯಾರಿಗಾಗಿ ಬರೆದದ್ದು ಎಂಬುದು ಈಗಷ್ಟೇ ತಿಳಿಯಿತು ಎಂದವರು ಹೆಚ್ಚು.

ಈ ಸಾಮಗ್ರಿಯನ್ನೆಲ್ಲ ನಿಘಂಟಿನ ರೂಪಕ್ಕೆ ತರಲು ಇಂಗ್ಲೆಂಡಿನ ಜೇಮ್ಸ್ ಹೋಪ್ ಮೌಲ್ಟನ್ ಮತ್ತು ಸ್ಕಾಟ್ಲೆಂಡಿನ ಜಾರ್ಜ್ ಮಿಲಿಗನ್ ಜೊತೆಗೂಡಿದರು. ಮೊದಲ ಕಂತು 1914ರಲ್ಲಿ ಹೊರಬಂತು. ಪಾರ್ಸಿ ಧರ್ಮದಲ್ಲೂ ವಿದ್ವಾಂಸರಾಗಿದ್ದ ಮೌಲ್ಟನ್ ಮೊದಲನೇ ಮಹಾಯುದ್ಧದ ನಡುವೆಯೇ ಭಾರತಕ್ಕೆ ಬಂದು ಮುಂಬಯಿಯ ಪಾರ್ಸಿಗಳ ನಡುವೆ ಕೆಲಸ ಮಾಡಿದರು. ಹಿಂದಿರುಗುವಾಗ, 1917ರ ಏಪ್ರಿಲ್‌ನಲ್ಲಿ, ಅವರಿದ್ದ ಹಡಗು ಮೆಡಿಟರೇನಿಯನ್ ಸಮುದ್ರದಲ್ಲಿ ಜಲಾಂತರ್ಗಾಮಿಯ ದಾಳಿಗೆ ತುತ್ತಾಯಿತು. ಮೌಲ್ಟನ್ ಪಾರುದೋಣಿಯಲ್ಲೇ ತೀರಿಕೊಂಡರು. ಮಿಲಿಗನ್ ಒಬ್ಬರೇ ದುಡಿದು 1929ರ ಹೊತ್ತಿಗೆ ನಿಘಂಟನ್ನು ಮುಗಿಸಿದರು.

ಸಂತೆಯೊಂದೇ ಸಾಲದು

ಸಂತೆಯ ಅರ್ಥ ಸಿಕ್ಕಿತೆಂದರೆ ಎಲ್ಲವೂ ಬಗೆಹರಿಯಿತೆಂದಲ್ಲ. ಸುವಾರ್ತೆಗಳನ್ನು ಬರೆದವರು ಹೆಚ್ಚಾಗಿ ಯೆಹೂದ್ಯ ಪರಂಪರೆಯಲ್ಲಿ ಬೆಳೆದವರು. ಹೀಬ್ರೂ ಧರ್ಮಗ್ರಂಥದ ಹಳೆಯ ಗ್ರೀಕ್ ಅನುವಾದ ಅವರ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ‘ಡೋಕ್ಸ’ ಎಂಬ ಪದ ಪ್ಲೇಟೋನಲ್ಲಿ ‘ಅಭಿಪ್ರಾಯ’. ಆ ಅನುವಾದದಲ್ಲಿ ಮಾತ್ರ ದೇವರ ‘ಮಹಿಮೆ’. ಹೊಸ ಒಡಂಬಡಿಕೆ ಬಹುವಾಗಿ ಹಿಡಿದದ್ದು ಈ ಎರಡನೆಯದನ್ನೇ. ಎಂದರೆ ಪದಕ್ಕೆ ಸಂತೆಯ ಹಿನ್ನೆಲೆಯಂತೆ ಪ್ರಾರ್ಥನಾಮಂದಿರದ ಹಿನ್ನೆಲೆಯೂ ಇತ್ತು.

ಸ್ಕಾಟ್ಲೆಂಡಿನ ಜೇಮ್ಸ್ ಬಾರ್ 1961ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಪದದ ಮೂಲಧಾತುವನ್ನು ಕೆದಕಿ ಅದರಿಂದ ತತ್ವ ಹೊರಡಿಸುವ ಅಭ್ಯಾಸವನ್ನು ಅವರು ಕಟುವಾಗಿ ಟೀಕಿಸಿದರು. ಪದವೊಂದು ಎಲ್ಲಿಂದ ಬಂತು ಎಂಬುದಲ್ಲ, ಈ ವಾಕ್ಯದಲ್ಲಿ ಏನು ಮಾಡುತ್ತಿದೆ ಎಂಬುದು ಮುಖ್ಯ. ದೇವರ ಕುರಿತ ಮಾತು ನೆಲೆಸಿರುವುದು ವಾಕ್ಯದಲ್ಲೇ ಹೊರತು ಬಿಡಿಪದದಲ್ಲಲ್ಲ ಎಂಬುದು ಅವರ ವಾದದ ಸಾರ.

ಎಲ್ಲೂ ಸಿಗದ ಒಂದು ಪದ

ಇಷ್ಟೆಲ್ಲ ಆದರೂ ಒಂದು ಪದ ಮಾತ್ರ ಕೈಗೆ ಸಿಕ್ಕಿಲ್ಲ. ಅದು ಮೂಲೆಯಲ್ಲೆಲ್ಲೋ ಅಡಗಿದ ಪದವೂ ಅಲ್ಲ. ಯೇಸು ಶಿಷ್ಯರಿಗೆ ಕಲಿಸಿದ, ಲೋಕದ ಕ್ರೈಸ್ತರು ಪ್ರತಿದಿನ ಹೇಳುವ ಪ್ರಾರ್ಥನೆಯ ನಟ್ಟನಡುವೆಯೇ ಇದೆ. ಮತ್ತಾಯ ಮತ್ತು ಲೂಕ ಇಬ್ಬರ ಸುವಾರ್ತೆಗಳಲ್ಲೂ ಭಕ್ತರು ಬೇಡುವ ರೊಟ್ಟಿಗೆ ‘ಎಪಿಯೂಸಿಯೋಸ್’ ಎಂಬ ವಿಶೇಷಣವಿದೆ. ಕನ್ನಡದಲ್ಲಿ ಇದು ‘ಅನುದಿನದ’ ಎಂದಾಗಿದೆ. ಮೂರನೇ ಶತಮಾನದ ಅಲೆಕ್ಸಾಂಡ್ರಿಯದ ಒರಿಜೆನ್‌ಗೆ ಗ್ರೀಕ್ ಮನೆಮಾತೇ ಆಗಿತ್ತು. ಆದರೂ ಈ ಪದವನ್ನು ಪಂಡಿತರೂ ಬಳಸಿಲ್ಲ, ಸಾಮಾನ್ಯರೂ ಬಳಸುವುದಿಲ್ಲ, ಸುವಾರ್ತೆ ಬರೆದವರೇ ಕಟ್ಟಿದಂತಿದೆ ಎಂದು ಅವನು ಬರೆದ.

ನಾಲ್ಕನೇ ಶತಮಾನದ ಕೊನೆಗೆ ಲ್ಯಾಟಿನ್ ಬೈಬಲನ್ನು ಪರಿಷ್ಕರಿಸಿದ ಜೆರೋಮ್ ಒಂದೇ ಗ್ರೀಕ್ ಪದಕ್ಕೆ ಎರಡು ಅನುವಾದ ಉಳಿಸಿದ. ಲೂಕನಲ್ಲಿ ‘ದಿನದಿನದ’ ರೊಟ್ಟಿ. ಮತ್ತಾಯನಲ್ಲಿ ‘ಎಲ್ಲ ವಸ್ತುಗಳಿಗೂ ಮಿಗಿಲಾದ’ ರೊಟ್ಟಿ. ಮೊದಲನೆಯದು ಹಸಿದ ಹೊಟ್ಟೆಯ ಬೇಡಿಕೆ. ಎರಡನೆಯದು ಆತ್ಮದ ಆಹಾರದ ಬೇಡಿಕೆ. ‘ನಾಳಿನ ರೊಟ್ಟಿ’, ‘ಬದುಕಲು ಬೇಕಾದಷ್ಟು ರೊಟ್ಟಿ’ ಎಂಬ ಅರ್ಥಗಳನ್ನೂ ವಿದ್ವಾಂಸರು ಸೂಚಿಸಿದ್ದಾರೆ. ಪಕ್ಕದ ಮಾತುಗಳ ನೆರವು ಪಡೆಯೋಣವೆಂದರೆ ಅವೂ ಬೇರೆ ಬೇರೆ ಕಡೆಗೆ ಎಳೆಯುತ್ತವೆ. ಮತ್ತಾಯನ ವಾಕ್ಯದಲ್ಲಿ ‘ಇಂದು’ ಎಂಬ ಪದ ಈಗಾಗಲೇ ಇರುವುದರಿಂದ ‘ದಿನದ’ ಎಂಬುದು ಪುನರುಕ್ತಿಯೆನಿಸುತ್ತದೆ. ‘ನಾಳಿನ’ ಎಂದರೆ, ನಾಳೆಯ ಚಿಂತೆ ಬೇಡವೆಂದು ಅದೇ ಅಧ್ಯಾಯದ ಕೊನೆಯಲ್ಲಿ ಯೇಸು ಹೇಳುವ ಮಾತು ಅಡ್ಡ ಬರುತ್ತದೆ.

ಇಲ್ಲೂ ಪಪೈರಸ್ ಕೈಹಿಡಿಯಿತೆಂದೇ ಒಂದು ಕಾಲಕ್ಕೆ ಹಲವರು ನಂಬಿದ್ದರು. ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಈಜಿಪ್ಟಿನ ಹವಾರದಲ್ಲಿ ಅಗೆದು ತೆಗೆದ ಒಂದು ಹಾಳೆಯ ಪಾಠ 1889ರಲ್ಲಿ ಪ್ರಕಟವಾಗಿತ್ತು. ಅದನ್ನು ಓದಿಕೊಟ್ಟವರು ಆಕ್ಸ್‌ಫರ್ಡಿನ ಎ. ಎಚ್. ಸೇಸ್. ಮನೆಖರ್ಚಿನ ಆ ಪಟ್ಟಿಯಲ್ಲಿ ‘ಎಪಿಯೂಸಿ...’ ಎಂದು ಆರಂಭವಾಗುವ ಪದವಿರುವುದು 1925ರಲ್ಲಿ ವಿದ್ವಾಂಸರ ಗಮನ ಸೆಳೆಯಿತು. ಖರ್ಚಿನ ಪಟ್ಟಿಯಲ್ಲಿದ್ದರೆ ದಿನದ ಪಡಿ ಎಂದೇ ಅರ್ಥವಾಗಬೇಕಲ್ಲವೇ? ಹಲವರು ಹಾಗೆಯೇ ಬರೆದರು. ಆದರೆ ಮೂಲ ಹಾಳೆಯನ್ನು ಮತ್ತೊಮ್ಮೆ ನೋಡೋಣವೆಂದರೆ ಅದು ಎಲ್ಲಿದೆಯೆಂದೇ ಯಾರಿಗೂ ತಿಳಿಯಲಿಲ್ಲ.

ಕೊನೆಗೆ 1998ರಲ್ಲಿ ಅದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪತ್ತೆಯಾಯಿತು. ಮರಳಿ ಓದಿದಾಗ ಅಲ್ಲಿದ್ದದ್ದು ಬೇರೆಯೇ ಪದ: ‘ಎಲಾಯು’, ಎಂದರೆ ಎಣ್ಣೆಯ ಬಾಬ್ತು. ಒಂದು ಶತಮಾನಕ್ಕೂ ಮೀರಿ ಮುದ್ರಣದಲ್ಲಿದ್ದ, ನಿಘಂಟುಗಳು ನೆಚ್ಚಿಕೊಂಡಿದ್ದ ಆಧಾರ ಹೀಗೆ ಕಣ್ತಪ್ಪಿನ ಫಲವೆಂದು ಸಾಬೀತಾಯಿತು. ‘ಎಪಿಯೂಸಿಯೋಸ್’ ಒರಿಜೆನ್ ಬಿಟ್ಟ ಜಾಗದಲ್ಲೇ ಮತ್ತೆ ಒಂಟಿಯಾಗಿ ನಿಂತಿತು.

ಇಂಥ ಎಚ್ಚರ ಕನ್ನಡಿಗರಿಗೂ ಬೇಕಾದದ್ದೇ. ಅದೇ ಆಕ್ಸಿರಿಂಕಸ್ ಕಸದಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವೊಂದರ ಕಥೆ ನಡೆಯುವುದು ಭಾರತದ ಕಡಲ ತೀರದಲ್ಲಿ. ಅದರಲ್ಲಿ ಅನ್ಯದೇಶೀಯರು ಆಡುವ ಮಾತು ಕನ್ನಡವಿರಬಹುದೆಂದು ಶಾಸನತಜ್ಞ ಹುಲ್ಟ್ಸ್ 1904ರಲ್ಲಿ ಸೂಚಿಸಿದರು. ಆರ್. ಶಾಮಾಶಾಸ್ತ್ರಿ, ಮಂಜೇಶ್ವರ ಗೋವಿಂದ ಪೈ ಅವರಂಥ ವಿದ್ವಾಂಸರು ಅದನ್ನು ಮುಂದುವರಿಸಿದರು. ಕುಡಿತದ ದೃಶ್ಯವಾದ್ದರಿಂದ ಇದು ಕುಡಿಯುವ ಮಾತೇ ಇರಬೇಕೆಂಬುದು ಸಂದರ್ಭದಿಂದ ಬಂದ ಊಹೆ. ಒಪ್ಪದವರೂ ಇದ್ದಾರೆ. ಸಂದರ್ಭ ದಾರಿ ತೋರಿಸುತ್ತದೆ. ಆದರೆ ಬಯಸಿದ್ದನ್ನೇ ಓದಿಕೊಳ್ಳುವ ಆಸೆಯನ್ನೂ ಹುಟ್ಟಿಸುತ್ತದೆ.

ಎರಡು ಸಾವಿರ ವರ್ಷಗಳ ನಂತರ ಕನ್ನಡದಲ್ಲಿ ಉಳಿದದ್ದು ಇಂದಿನ ಪತ್ರಿಕೆಗಳ ತಲೆಬರಹಗಳು ಮಾತ್ರ ಎಂದಿಟ್ಟುಕೊಳ್ಳೋಣ. ಆಗಿನ ಪಂಡಿತರು ಕನ್ನಡ ಬೈಬಲನ್ನು ಓದಿ, ಕ್ರೈಸ್ತರ ದೇವರು ಭಕ್ತರ ಪ್ರಾಣಕ್ಕೇ ಸಂಚಕಾರ ತರುವವನಾಗಿದ್ದ ಎಂದು ತೀರ್ಮಾನಿಸಿಯಾರು. ಅವರ ತಪ್ಪನ್ನು ತಿದ್ದಲು ದೊಡ್ಡ ಗ್ರಂಥವೇನೂ ಬೇಕಾಗಲಾರದು. ಯಾವುದೋ ಹಳ್ಳಿಯ ರೈತ ಎತ್ತಿಗೆ ಸಂಚಕಾರ ಕೊಟ್ಟು ಬರೆಸಿಕೊಂಡ ಹರಕು ಚೀಟಿಯೊಂದು ಸಿಕ್ಕರೆ ಸಾಕು.