ಪುತ್ತೂರಿನ ಪಾಠ, ಯಾವಗಲ್ಲಿನ ಎರೆಮಣ್ಣು

ಮಕ್ಕಳನ್ನ ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸೋದು ಅಂದ್ರೆ ಅಮೆರಿಕದಿಂದ ಬಂದ ಶೋಕಿ ಅಂತ ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಹಾಗಿದ್ದರೆ ಆ ಶೋಕಿ 1950ರ ದಶಕದಲ್ಲೇ ದಕ್ಷಿಣ ಕನ್ನಡದ ಪುತ್ತೂರಿಗೆ ಬಂದಿತ್ತು ಅನ್ನಬೇಕು. ಶಿವರಾಮ ಕಾರಂತರು 1948ರಲ್ಲಿ ಹುಟ್ಟಿದ ತಮ್ಮ ಮಗ ಉಲ್ಲಾಸರನ್ನ ಮೊದಲ ಕೆಲವು ವರ್ಷ ಶಾಲೆಗೆ ಕಳಿಸಲೇ ಇಲ್ಲ. ಬಾಲವನವೇ ಶಾಲೆ. ಆ ಹುಡುಗ ಮುಂದೆ ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿ, ಅದನ್ನೂ ಬಿಟ್ಟು, ಹುಲಿಗಳ ಅಧ್ಯಯನಕ್ಕೆ ಹೋದದ್ದು ನಿಮಗೆಲ್ಲ ಗೊತ್ತು. (ಇಂಜಿನಿಯರಿಂಗ್ ಓದಿ ಇನ್ನೇನೋ ಮಾಡೋದು ನಮ್ಮ ಕಾಲದ ರೋಗ ಅಂತ ತಿಳಿದವರು ಗಮನಿಸಿ!)

ಈ ಹಳೇ ಕಥೆ ಕೆದಕೋಕೆ ಕಾರಣ ನಮ್ಮ ಅಕ್ಕ. ಅಕ್ಕ-ಭಾವ ಬೆಂಗಳೂರು ಬಿಟ್ಟು ನಮ್ಮೂರು ಯಾವಗಲ್‌ಗೆ ವಾಪಸ್ ಹೋಗಿದ್ದಾರೆ. ಗೊತ್ತಿಲ್ಲದವರಿಗೆ: ಗದಗ ಜಿಲ್ಲೆ, ರೋಣ ತಾಲೂಕು, ಕಣ್ಣು ಹಾಯಿಸಿದಷ್ಟೂ ಎರೆಹೊಲ. ಏಳು ಮತ್ತು ಒಂಬತ್ತು ವರ್ಷದ ಎರಡು ಮಕ್ಕಳು, ಇಬ್ಬರಿಗೂ ಮನೆಯಲ್ಲೇ ಪಾಠ. ಕನ್ನಡ, ಗಣಿತ ಹೇಗೋ ನಡೀತಾ ಇದೆ. ವಿಜ್ಞಾನಕ್ಕೆ ಬಂದಾಗ ಅಕ್ಕ ಮೂರು ಪಠ್ಯಕ್ರಮ ಮುಂದಿಟ್ಟುಕೊಂಡು ಕೂತಿದ್ದಾಳೆ. "ತಮ್ಮಾ, ನೀ ಇಂಜಿನಿಯರಿಂಗ್ ಓದೀದಿ, ಇದರಾಗ ಯಾವುದು ಛಲೋ ಐತಿ ನೋಡಿ ಹೇಳು" ಅಂದಳು. ಅಜ್ಜನಿಗಂತೂ ಈ ಮನೆಪಾಠದ ಮೇಲೆ ನಂಬಿಕೆನೇ ಇಲ್ಲ. "ನಾಳೆ ಆರನೇತ್ತಕ್ಕ ಸಾಲಿಗೆ ಹಾಕಿದ್ರ ಹುಡುಗ್ರು ಏನ್ ಮಾಡ್ತಾವು?" ಅನ್ನೋದು ಅಜ್ಜನ ಪ್ರಶ್ನೆ. ಅದು ತಳ್ಳಿಹಾಕೋ ಪ್ರಶ್ನೆ ಅಲ್ಲ.

ಇಂಜಿನಿಯರಿಂಗ್ ಓದಿದವನಿಗೆ ಏಳು ವರ್ಷದ ಮಗುವಿನ ವಿಜ್ಞಾನ ಏನು ಗೊತ್ತಿರುತ್ತೆ ಹೇಳಿ? ಅದಕ್ಕೇ, ಕನ್ನಡದಲ್ಲಿ ಈ ಪ್ರಶ್ನೆ ಮೊದಲು ಯಾರಿಗೆ ಎದುರಾಗಿತ್ತು ಅಂತ ಹುಡುಕಿಕೊಂಡು ಹೋದೆ.

ಕಾರಂತರಿಗೆ ಆರಿಸೋ ಕಷ್ಟ ಇರಲಿಲ್ಲ, ಯಾಕಂದ್ರೆ ಆರಿಸೋಕೆ ಏನೂ ಇರಲಿಲ್ಲ. ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ 'ವಿಜ್ಞಾನ' ಅನ್ನೋ ಮಾಸಪತ್ರಿಕೆ ಶುರು ಮಾಡಿದ್ದರು. ಅದು ಎರಡೇ ವರ್ಷ ನಡೆದು ನಿಂತಿತು, ಮೇಲಾಗಿ ಅದು ದೊಡ್ಡವರಿಗೆ. ಮಗು ಕೂತು ಪುಟ ತಿರುಗಿಸೋ ಅಂಥ ದೊಡ್ಡ ಪುಸ್ತಕ ಕನ್ನಡದಲ್ಲಿ ಬಂದದ್ದು 1936ರಲ್ಲಿ. ಅದೇ ಕಾರಂತರ 'ಬಾಲ ಪ್ರಪಂಚ', ಮೂರು ಸಂಪುಟ. ಲಂಡನ್ನಿನಲ್ಲಿ ಆರ್ಥರ್ ಮೀ ಮಕ್ಕಳ ವಿಶ್ವಕೋಶ ಶುರು ಮಾಡಿದ್ದು 1908ರಲ್ಲಿ. ಮಗಳು ಮಾರ್ಜರಿ ಕೇಳ್ತಾ ಇದ್ದ ಪ್ರಶ್ನೆಗಳೇ ಅದಕ್ಕೆ ಪ್ರೇರಣೆ ಅಂತಾರೆ, ಅಂದ್ರೆ ಮಗು ಮೊದಲು, ಪುಸ್ತಕ ಆಮೇಲೆ. ಕಾರಂತರದ್ದು ಉಲ್ಟಾ. 'ಬಾಲ ಪ್ರಪಂಚ' ಬಂದ ವರ್ಷವೇ ಅವರ ಮದುವೆ. ಸ್ವಂತ ಮಕ್ಕಳು ಹುಟ್ಟೋ ಮೊದಲೇ ಊರಿನ ಮಕ್ಕಳಿಗೆಲ್ಲ ಪುಸ್ತಕ ಬರೆದಾಗಿತ್ತು.

ಇನ್ನೂ ಒಂದು ಮಾತು ನೆನಪಿಡಬೇಕು. ಕಾರಂತರು ವಿಜ್ಞಾನದ ಪದವೀಧರರಲ್ಲ. ಗಾಂಧೀಜಿಯ ಅಸಹಕಾರ ಚಳವಳಿಯ ಹೊತ್ತಿಗೆ ಕಾಲೇಜು ಬಿಟ್ಟವರು. ಆಮೇಲೆ 1959ರಿಂದ 1964ರ ನಡುವೆ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟ ಬರೆದರು. ತಾನೇ ಓದಿ ಅರ್ಥ ಮಾಡಿಕೊಂಡು, ಅದನ್ನ ತನ್ನ ಭಾಷೆಯಲ್ಲಿ ಇನ್ನೊಬ್ಬರಿಗೆ ಹೇಳೋದು, ಅಷ್ಟೇ ಅವರ ಅರ್ಹತೆ. ಅಕ್ಕ ಬಿ.ಎ. ಓದಿದವಳು, "ನನಗ ವಿಜ್ಞಾನ ಬರೂದಿಲ್ಲ" ಅಂತ ಹೆದರ್ತಾಳೆ. ಅವಳಿಗೆ ನಾನು ಮೊದಲು ಹೇಳಿದ್ದೇ ಇದು.

ಹಾಗಂತ ಬಾಲವನವನ್ನ ಎತ್ತಿ ತಂದು ಯಾವಗಲ್ಲಿನಲ್ಲಿ ಇಡೋಕೆ ಆಗಲ್ಲ. ಅಪ್ಪ ಕಾರಂತ, ಸುತ್ತ ಗಿಡಮರ, ಮನೆ ತುಂಬ ಪುಸ್ತಕ. ಅಂಥಲ್ಲಿ ಪಠ್ಯಕ್ರಮ ಯಾಕೆ ಬೇಕು? ಉಲ್ಲಾಸ, ಮಾಳವಿಕಾ, ಕ್ಷಮಾ ಮೂವರೂ ಸೇರಿ ಅಪ್ಪ-ಅಮ್ಮನ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕ 'ಗ್ರೋಯಿಂಗ್ ಅಪ್ ಕಾರಂತ್' 2021ರಲ್ಲಿ ಬಂತು. ಮಾಳವಿಕಾ ಕಪೂರ್ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನಶ್ಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದವರು. ಮನೆಪಾಠಕ್ಕೆ ಇಳಿಯೋ ಅಪ್ಪ-ಅಮ್ಮ ಪಠ್ಯಕ್ರಮ ಕೊಳ್ಳೋ ಮೊದಲು ಈ ಪುಸ್ತಕ ಓದಬೇಕು ಅಂತ ನನ್ನ ಅಭಿಪ್ರಾಯ.

ಈಗ ನಮ್ಮ ಸೀಮೆಗೆ ಬರೋಣ. 'ಬಾಲ ಪ್ರಪಂಚ' ಬಂದಾಗ ಪುತ್ತೂರು ಮದ್ರಾಸ್ ಪ್ರಾಂತದಲ್ಲಿತ್ತು. ಯಾವಗಲ್ ಧಾರವಾಡ ಜಿಲ್ಲೆಗೆ ಸೇರಿ ಮುಂಬಯಿ ಪ್ರಾಂತದಲ್ಲಿತ್ತು (ಗದಗ ಜಿಲ್ಲೆ ಆದದ್ದು 1997ರಲ್ಲಿ). ಮೈಸೂರು ಸಂಸ್ಥಾನ ಬೇರೆ. ಕನ್ನಡ ಒಂದೇ, ಶಿಕ್ಷಣ ಇಲಾಖೆಗಳು ಹಲವು. 1956ರ ನವೆಂಬರ್ 1ಕ್ಕೆ ಇವೆಲ್ಲ ಒಂದಾದವು. ಒಂದು ರಾಜ್ಯ ಅಂದ ಮೇಲೆ ಪಠ್ಯವೂ ಒಂದೇ ಆಗೋದು ಸಹಜ. ಒಳ್ಳೇದೇ ಆಯ್ತು. ಆದರೆ ಕರಾವಳಿಯ ಮಗುವಿಗೂ ಎರೆಸೀಮೆಯ ಮಗುವಿಗೂ ಒಂದೇ ಪುಸ್ತಕ ಅಂದಾಗ ಅದರಲ್ಲಿ ಯಾವ ಮಣ್ಣಿನ ಪಾಠ ಇರಬೇಕು? ಕೊನೆಗೆ "ಮಣ್ಣಿನಲ್ಲಿ ಹಲವು ವಿಧ" ಅನ್ನೋ ಪಟ್ಟಿ ಉಳೀತದೆ. ಕೆಂಪುಮಣ್ಣು, ಕಪ್ಪುಮಣ್ಣು, ಜೇಡಿಮಣ್ಣು, ಬಿಟ್ಟ ಸ್ಥಳ ತುಂಬಿರಿ!

ಇದು ಸರಿಯಿಲ್ಲ ಅಂತ ಅನ್ನಿಸಿದವರು ಬೇಕಾದಷ್ಟು ಜನ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ಹದಿನಾರು ಹಳ್ಳಿ ಶಾಲೆಗಳಲ್ಲಿ ಪ್ರಯೋಗದಿಂದಲೇ ವಿಜ್ಞಾನ ಕಲಿಸೋ ಕಾರ್ಯಕ್ರಮ ಶುರುವಾಯ್ತು. ಅದು 6ರಿಂದ 8ನೇ ತರಗತಿಗೆ. ಮೂವತ್ತು ವರ್ಷ ನಡೆದ ಮೇಲೆ, 2002ರಲ್ಲಿ, ಸರ್ಕಾರವೇ ನಿಲ್ಲಿಸಿತು. ನಮ್ಮಲ್ಲಿ 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಬಂತು, ಅದರ 'ಬಾಲ ವಿಜ್ಞಾನ' ಮಾಸಪತ್ರಿಕೆ ಹಳ್ಳಿ ಶಾಲೆಗಳಿಗೂ ಹೋಯ್ತು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಶುರುವಾಯ್ತು. ಮಗು ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತೋದು ಅನ್ನೋ ಅದರ ಕಲ್ಪನೆ, ಯೋಚಿಸಿ ನೋಡಿದರೆ, ಮನೆಪಾಠಕ್ಕೆ ಬಹಳ ಹತ್ತಿರದ್ದು.

ಸರಿ, ಅಕ್ಕನ ಮುಂದಿದ್ದ ಮೂರು. ಒಂದು, ಅಮೆರಿಕದ ಮನೆಪಾಠದವರಲ್ಲಿ ಹೆಸರಾದ 'ದಿ ವೆಲ್ ಟ್ರೇನ್ಡ್ ಮೈಂಡ್' ಪುಸ್ತಕದ ಪದ್ಧತಿ, 1999ರದ್ದು. ಮೊದಲ ವರ್ಷ ಜೀವಿಗಳು, ಎರಡನೇ ವರ್ಷ ಭೂಮಿ ಮತ್ತು ಆಕಾಶ, ಮೂರನೇ ವರ್ಷ ರಸಾಯನ, ನಾಲ್ಕನೇ ವರ್ಷ ಭೌತಶಾಸ್ತ್ರ. ನನ್ನಂಥ ಸಾಫ್ಟ್‌ವೇರ್ ಮನುಷ್ಯನಿಗೆ ನೋಡಿದ ಕೂಡಲೇ ಇಷ್ಟವಾಗೋ ಅಚ್ಚುಕಟ್ಟು! ಎರಡನೇದು ಎನ್‌ಸಿಇಆರ್‌ಟಿಯದ್ದು, ಮೂರನೇದು ನಮ್ಮ ರಾಜ್ಯದ ಪರಿಸರ ಅಧ್ಯಯನ. ಎನ್‌ಸಿಇಆರ್‌ಟಿಯ 2005ರ ಚೌಕಟ್ಟಿನಲ್ಲೂ 2023ರ ಹೊಸ ಚೌಕಟ್ಟಿನಲ್ಲೂ 3ರಿಂದ 5ನೇ ತರಗತಿಗೆ ವಿಜ್ಞಾನ ಅಂತ ಬೇರೆ ವಿಷಯ ಇಲ್ಲ, ಸಮಾಜದ ಜೊತೆ ಸೇರಿಸಿ ಸುತ್ತಲಿನ ಜಗತ್ತು ಅಂತ ಒಂದೇ ವಿಷಯ. ಅಜ್ಜನಿಗೆ ಇದು ಕಳ್ಳಾಟ ಅನ್ನಿಸ್ತು. ನನಗೆ ಇದೇ ಸರಿ ಅನ್ನಿಸ್ತದೆ, ಯಾಕೆ ಅಂತ ಹಗೇವಿನಿಂದ ಹೇಳ್ತೀನಿ.

ನಮ್ಮ ಕಡೆ ಜೋಳ ಇಡೋ ನೆಲದೊಳಗಿನ ಕಣಜವೇ ಹಗೇವು. ಈಗ ಬಳಸೋರು ಕಡಿಮೆ. ಆದರೆ ಹಗೇವು ತೆಗೆದ ಕೂಡಲೇ ಒಳಗೆ ಇಳಿಯಬಾರದು ಅನ್ನೋದು ಹಿರಿಯರಿಗೆಲ್ಲ ಗೊತ್ತು. ಕಾಳೂ ಉಸಿರಾಡ್ತದೆ. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಖರ್ಚಾಗಿ ಇಂಗಾಲದ ಡೈಆಕ್ಸೈಡ್ ತುಂಬ್ತದೆ, ಗಾಳಿಗಿಂತ ಭಾರ, ತಳದಲ್ಲೇ ಕೂಡ್ತದೆ. ಹುಳ ಸಾಯೋದೂ ಅದರಿಂದಲೇ, ಮನುಷ್ಯ ಸಾಯೋದೂ ಅದರಿಂದಲೇ. ಇದು ಜೀವಶಾಸ್ತ್ರವೋ, ರಸಾಯನವೋ, ಊರಿನ ಇತಿಹಾಸವೋ? ನಾಲ್ಕು ವರ್ಷಕ್ಕೆ ಹಂಚಿದ ಪದ್ಧತಿಯಲ್ಲಿ ಇದನ್ನ ಎಲ್ಲಿ ಇಡೋದು? ಅಕ್ಕ ಮೊಳಕೆ ಬಂದ ಮಡಿಕೆಕಾಳನ್ನ ಬಾಟಲಿಗೆ ಹಾಕಿ ಗಟ್ಟಿ ಮುಚ್ಚಿ ರಾತ್ರಿ ಇಟ್ಟಳು. ಬೆಳಿಗ್ಗೆ ಮುಚ್ಚಳ ತೆಗೆದು ಉರಿಯೋ ಕಡ್ಡಿ ಇಳಿಸಿದರೆ ಪಟ್ಟನೆ ಆರಿತು. ಮಕ್ಕಳ ಮುಖಕ್ಕಿಂತ ಅಜ್ಜನ ಮುಖ ನೋಡಬೇಕಿತ್ತಂತೆ!

ಎರೆಮಣ್ಣಿನದ್ದೂ ಹಾಗೇ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಗೆ ಉಬ್ಬಿ ಮತ್ತೆ ಮುಚ್ಚಿಕೊಳ್ತದೆ. ಅದರ ಜೇಡಿಕಣಗಳ ಪದರದ ನಡುವೆ ನೀರು ಸೇರಿಕೊಳ್ಳೋದೇ ಕಾರಣ. ಹಿಡಿದಿಟ್ಟ ಆ ನೀರಿನ ಮೇಲೇ ಹಿಂಗಾರಿ ಜೋಳ ಬೆಳೀತದೆ. ಪುತ್ತೂರಿನ ಮಗುವಿಗೆ ಈ ಪಾಠ ಸಿಗೋದಿಲ್ಲ, ಅಲ್ಲಿನ ಕಾಡಿನ ಪಾಠ ಇಲ್ಲಿ ಸಿಗೋದಿಲ್ಲ.

ಕೊನೆಗೆ ಅಕ್ಕ ರಾಜ್ಯದ ಪರಿಸರ ಅಧ್ಯಯನವನ್ನ ಬೆನ್ನೆಲುಬಾಗಿ ಇಟ್ಟುಕೊಂಡಿದ್ದಾಳೆ. ಅದು ಕನ್ನಡದಲ್ಲಿದೆ, ಮಕ್ಕಳು ತಾವೇ ಓದ್ತಾವೆ. ಆರನೇತ್ತಕ್ಕೆ ಸೇರಿಸಬೇಕಾದರೂ ತೊಂದರೆ ಕಡಿಮೆ. ಪ್ರತಿ ಪಾಠಕ್ಕೂ ಊರಿನದ್ದೊಂದು ಪ್ರಯೋಗ ಸೇರಿಸೋದು ಅವಳ ಕೆಲಸ, ಯಾಕೆ ಹೀಗಾಗ್ತದೆ ಅಂತ ಓದಿ ಹೇಳೋದು ನನ್ನ ಕೆಲಸ. ಅಮೆರಿಕದ ಪದ್ಧತಿ ಕಪಾಟು ಸೇರಿದೆ. ಅಜ್ಜನ ಸಮಾಧಾನಕ್ಕೆ ಇನ್ನೊಂದು ದಾರಿ: ಎನ್‌ಐಓಎಸ್‌ನ ಮುಕ್ತ ಮೂಲ ಶಿಕ್ಷಣದಲ್ಲಿ ಎ, ಬಿ, ಸಿ ಅಂತ ಮೂರು ಹಂತ, ಅವು 3, 5, 8ನೇ ತರಗತಿಗೆ ಸಮ. ದೊಡ್ಡವನಿಗೆ ಬಿ ಹಂತ ಬರೆಸೋ ಯೋಚನೆ ಇದೆ.

ಅಂದ ಹಾಗೆ, ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ 'ಬಾಲ ಪ್ರಪಂಚ'ದ ಹಳೇ ಸಂಪುಟ ಇದ್ದರೆ ತಿಳಿಸಿ. ಯಾವಗಲ್ಲಿನಲ್ಲಿ ಇಬ್ಬರು ಓದುಗರು ಕಾಯ್ತಾ ಇದ್ದಾರೆ. ಅಜ್ಜನೂ ಸೇರಿದರೆ ಮೂವರು.